ಸ್ವಾರ್ಥ, ಪರಾರ್ಥ ಮತ್ತು ನಿಸರ್ಗದ ಆಯ್ಕೆ: ಒಂದು ಪದವಿಮರ್ಶೆ

೧

ಒಂದು ಶಾಸ್ತ್ರದ ಪದವು ಇನ್ನೊಂದು ಶಾಸ್ತ್ರದ ಹೊಸ್ತಿಲನ್ನು ದಾಟುವಾಗ ತನ್ನ ಹಳೆಯ ನಂಟುಗಳನ್ನೆಲ್ಲ ಹೊರಗೆ ಬಿಟ್ಟು ಬರುವುದಿಲ್ಲ. ‘ಸ್ವಾರ್ಥ’ ಎಂಬ ಪದದ ಪಾಡು ಇದಕ್ಕೆ ಒಳ್ಳೆಯ ನಿದರ್ಶನ. ನಮ್ಮ ತರ್ಕಗ್ರಂಥಗಳಲ್ಲಿ ಸ್ವಾರ್ಥಾನುಮಾನ, ಪರಾರ್ಥಾನುಮಾನ ಎಂಬ ವಿಭಾಗವುಂಟು. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಾನೇ ತಿಳಿದುಕೊಳ್ಳುವುದು ಮೊದಲನೆಯದು. ಅದನ್ನೇ ಹೇತು ದೃಷ್ಟಾಂತಗಳೊಡನೆ ಇನ್ನೊಬ್ಬನಿಗೆ ಮನಗಾಣಿಸುವುದು ಎರಡನೆಯದು. ಸ್ವಾರ್ಥಾನುಮಾನ ಮಾಡಿದವನನ್ನು ಯಾರೂ ನೀಚನೆನ್ನುವುದಿಲ್ಲ. ಪರಾರ್ಥಾನುಮಾನ ಮಾಡಿದವನನ್ನು ತ್ಯಾಗಿಯೆಂದು ಹೊಗಳುವುದೂ ಇಲ್ಲ. ಅಲ್ಲಿ ‘ಅರ್ಥ’ವೆಂದರೆ ಪ್ರಯೋಜನ ಮಾತ್ರ; ಅದು ಯಾರಿಗೆ ಸಲ್ಲುತ್ತದೆಂಬುದಷ್ಟೇ ಪ್ರಶ್ನೆ. ಬಳಕೆಯ ಕನ್ನಡದಲ್ಲಾದರೋ ‘ಸ್ವಾರ್ಥಿ’ ಎಂಬುದು ಬೈಗುಳ.

ಆಕ್ಸ್‌ಫರ್ಡಿನ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಡಾಕಿನ್ಸ್ ಅವರು ೧೯೭೬ರಲ್ಲಿ ಪ್ರಕಟಿಸಿದ ‘ದಿ ಸೆಲ್ಫಿಶ್ ಜೀನ್’ ಎಂಬ ಗ್ರಂಥದ ಹೆಸರನ್ನು ‘ಸ್ವಾರ್ಥಿ ವಂಶವಾಹಿ’ ಎಂದು ಕನ್ನಡಿಸಿದೊಡನೆ ಓದುಗನ ಮನಸ್ಸಿನಲ್ಲಿ ಏಳುವುದು ತರ್ಕದ ನಿರ್ಲಿಪ್ತ ಅರ್ಥವಲ್ಲ, ಬಳಕೆಯ ಬೈಗುಳ. ಇಂಗ್ಲಿಷಿನಲ್ಲಿಯೂ ಆದದ್ದು ಇದೇ. ಪುಸ್ತಕವನ್ನು ಓದದೆ ಹೆಸರನ್ನು ಮಾತ್ರ ಓದಿದವರು, ಮನುಷ್ಯನು ಹುಟ್ಟಾ ಸ್ವಾರ್ಥಿಯೆಂದು ವಿಜ್ಞಾನವೇ ಸಾರಿದೆಯೆಂದು ನಂಬಿದರು. ಕೆಲವರು ಅದನ್ನು ವಿಷಾದದಿಂದ ನಂಬಿದರೆ, ಮತ್ತೆ ಕೆಲವರು ಸಮಾಧಾನದಿಂದ ನಂಬಿದರು. ಈ ಸಮಾಧಾನವೇ ಹೆಚ್ಚು ಅಪಾಯಕರವಾದುದು. ಆದುದರಿಂದ ನಿಸರ್ಗದ ಆಯ್ಕೆಯೆಂಬ ತತ್ತ್ವವು ಸ್ವಾರ್ಥ ಪರಾರ್ಥಗಳ ವಿಷಯದಲ್ಲಿ ನಿಜವಾಗಿ ಹೇಳುವುದೇನು, ಹೇಳದೆ ಉಳಿಸುವುದೇನು ಎಂಬುದನ್ನು ಬಿಡಿಸಿ ನೋಡುವುದು ಅವಶ್ಯ.

೨

ಸಮಸ್ಯೆಯನ್ನು ಮೊದಲು ಕಂಡವನು ಡಾರ್ವಿನ್ನನೇ. ಬದುಕಿ ಉಳಿದು ಸಂತಾನವನ್ನು ಬಿಟ್ಟುಹೋಗುವ ಜೀವಿಯ ಗುಣಗಳೇ ಮುಂದಿನ ಪೀಳಿಗೆಯಲ್ಲಿ ಹೆಚ್ಚುತ್ತವೆಯೆಂಬುದು ೧೮೫೯ರ ‘ಜೀವಜಾತಿಗಳ ಉಗಮ’ದ ತಿರುಳು. ಹಾಗಾದರೆ ಸಂತಾನವೇ ಇಲ್ಲದೆ ಗೂಡಿಗಾಗಿ ದುಡಿದು ಸಾಯುವ ಕೆಲಸಗಾರ ಇರುವೆಯ ಗುಣಗಳು ಉಳಿದುಬಂದದ್ದು ಹೇಗೆ? ತನ್ನ ಸಿದ್ಧಾಂತಕ್ಕೇ ಮಾರಕವಾಗಬಹುದಾದ ತೊಡಕೆಂದು ಇದು ಅವನಿಗೆ ಮೊದಲು ತೋರಿತ್ತು. ಉತ್ತರವನ್ನು ಅವನು ದನ ಸಾಕುವವರ ಅನುಭವದಲ್ಲಿ ಕಂಡುಕೊಂಡನು. ಮಾಂಸ ಉತ್ತಮವಾಗಿದೆಯೆಂದು ತಿಳಿಯುವ ಹೊತ್ತಿಗೆ ಆ ಪಶುವನ್ನು ಕಡಿದಾಗಿರುತ್ತದೆ. ಆದರೂ ಸಾಕುವವನು ಅದೇ ವಂಶದ ಪಶುಗಳನ್ನು ನಂಬಿಕೆಯಿಂದ ಬೆಳೆಸುತ್ತಾನೆ. ಅಂತೆಯೇ ಆಯ್ಕೆಯು ವ್ಯಕ್ತಿಯನ್ನು ಬಿಟ್ಟು ಕುಟುಂಬದ ಮೇಲೆಯೂ ಕೆಲಸ ಮಾಡಬಲ್ಲುದು. ವಂಶವಾಹಿಗಳ ಪರಿಚಯವೇ ಇಲ್ಲದ ಕಾಲದಲ್ಲಿ ಇಷ್ಟು ದೂರ ಬಂದುದು ಸಾಮಾನ್ಯ ಸಂಗತಿಯಲ್ಲ.

ಅನಂತರ ಬಂದವರು ಸಮಸ್ಯೆಯನ್ನು ಬಿಡಿಸುವುದಕ್ಕಿಂತ ಹೆಚ್ಚಾಗಿ ನಿಸರ್ಗದಿಂದ ನೀತಿಪಾಠವನ್ನು ಹಿಂಡುವುದರಲ್ಲಿ ತೊಡಗಿದರು. ಥಾಮಸ್ ಹಕ್ಸ್‌ಲಿಯು ೧೮೯೩ರ ಉಪನ್ಯಾಸದಲ್ಲಿ, ವಿಶ್ವದ ನಡೆಯನ್ನು ಅನುಕರಿಸದೆ ಎದುರಿಸುವುದೇ ಮನುಷ್ಯನ ನೀತಿಯೆಂದನು. ಸೈಬೀರಿಯದಲ್ಲಿ ಪ್ರಾಣಿಗಳನ್ನು ಕಂಡಿದ್ದ ಕ್ರೊಪಾಟ್ಕಿನ್ನನು ೧೯೦೨ರ ‘ಪರಸ್ಪರ ಸಹಾಯ’ದಲ್ಲಿ, ಸಹಕಾರವೇ ವಿಕಾಸದ ದೊಡ್ಡ ಬಲವೆಂದು ವಾದಿಸಿದನು. ಇಬ್ಬರ ಸಾಕ್ಷ್ಯವೂ ಸುಳ್ಳಲ್ಲ. ಆದರೆ ಸಹಾಯ ಮಾಡುವ ಗುಣವು ಪೀಳಿಗೆಯಿಂದ ಪೀಳಿಗೆಗೆ ಅಳಿಯದೆ ಹೇಗೆ ಉಳಿಯುತ್ತದೆಂಬ ಮೂಲ ಪ್ರಶ್ನೆಗೆ ಇಬ್ಬರಲ್ಲಿಯೂ ಉತ್ತರವಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಬಹುಮಂದಿ ವಿಜ್ಞಾನಿಗಳು ‘ಜಾತಿಯ ಒಳಿತಿಗಾಗಿ’ ಎಂಬ ಮಾತಿನಿಂದ ತೃಪ್ತರಾಗಿದ್ದರು. ಕಾನ್ರಾಡ್ ಲೊರೆಂಟ್ಸ್ ಅವರ ೧೯೬೩ರ ಗ್ರಂಥದಲ್ಲಿಯೂ ಈ ದೃಷ್ಟಿಯೇ ಮೇಲುಗೈ ಪಡೆದಿದೆ.

ಉತ್ತರವು ಗಣಿತದ ರೂಪದಲ್ಲಿ ಬಂದದ್ದು ೧೯೬೪ರಲ್ಲಿ, ವಿಲಿಯಂ ಹ್ಯಾಮಿಲ್ಟನ್ ಅವರಿಂದ. ಅವರ ಸೂತ್ರ ಸರಳವಾದುದು. ಸಹಾಯ ಪಡೆದವನಿಗೆ ಆಗುವ ಲಾಭವನ್ನು, ಇಬ್ಬರ ರಕ್ತಸಂಬಂಧದ ಅಂಶದಿಂದ ಗುಣಿಸಬೇಕು. ಬಂದ ಮೊತ್ತವು ಸಹಾಯ ಮಾಡಿದವನ ನಷ್ಟಕ್ಕಿಂತ ಹೆಚ್ಚಾಗಿದ್ದರೆ ಸಹಾಯಗುಣವು ಹರಡುತ್ತದೆ. ಲಾಭ ನಷ್ಟಗಳೆಂದರೆ ಇಲ್ಲಿ ಹಣವಲ್ಲ, ಸಂತಾನದ ಸಂಖ್ಯೆ. ಒಡಹುಟ್ಟಿದವರಲ್ಲಿ ಸಂಬಂಧದ ಅಂಶ ಅರ್ಧ, ಅಣ್ಣತಮ್ಮಂದಿರ ಮಕ್ಕಳಲ್ಲಿ ಕಾಲು, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ತಮ್ಮೊಳಗೆ ಎಂಟರಲ್ಲೊಂದು. ವ್ಯಕ್ತಿಯು ಕಳೆದುಕೊಂಡರೂ ಅವನಲ್ಲಿರುವ ವಂಶವಾಹಿಯ ಪ್ರತಿಗಳು ಬಂಧುಗಳಲ್ಲಿ ಉಳಿಯುತ್ತವೆ. ಹೀಗೆ ವ್ಯಕ್ತಿಯ ಮಟ್ಟದಲ್ಲಿ ಪರಾರ್ಥವಾಗಿ ಕಂಡುದು ವಂಶವಾಹಿಯ ಮಟ್ಟದಲ್ಲಿ ವೃದ್ಧಿಯೇ ಆಗುತ್ತದೆ. ಡಾಕಿನ್ಸ್ ಅವರ ಗ್ರಂಥವು ನಿಂತಿರುವುದು ಮುಖ್ಯವಾಗಿ ಈ ಅಡಿಗಲ್ಲಿನ ಮೇಲೆ.

೩

ಈ ವಿಚಾರದ ಇತಿಹಾಸದಲ್ಲಿ ಧಾರವಾಡಕ್ಕೂ ಒಂದು ಸ್ಥಾನವಿದೆಯೆಂಬುದು ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದು. ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮಾ ಅವರು ೧೯೬೦ರ ದಶಕದ ಮೊದಲ ವರ್ಷಗಳಲ್ಲಿ ಧಾರವಾಡದ ಸುತ್ತಿನ ಕಾಡುಗಳಲ್ಲಿ ಮುಸುವಗಳ ಹಿಂಡುಗಳನ್ನು ಬೆನ್ನುಹತ್ತಿ ಅಭ್ಯಾಸ ಮಾಡಿದರು. ಅಲ್ಲಿ ಬಹುತೇಕ ಹಿಂಡುಗಳಲ್ಲಿ ಒಂದು ವಯಸ್ಕ ಗಂಡು, ಹಲವು ಹೆಣ್ಣು ಮತ್ತು ಮರಿಗಳು; ಹಿಂಡಿಲ್ಲದ ಗಂಡುಗಳದು ಬೇರೆಯೇ ತಂಡ. ಹೊರಗಿನ ಗಂಡುಗಳು ನುಗ್ಗಿ ಹಳೆಯ ಒಡೆಯನನ್ನು ಓಡಿಸಿ, ಅವುಗಳಲ್ಲಿ ಒಂದು ಹಿಂಡಿನ ಒಡೆತನ ಪಡೆದ ಮೇಲೆ ಮರಿಗಳನ್ನು ಒಂದೊಂದಾಗಿ ಕಚ್ಚಿ ಕೊಂದುದನ್ನೂ, ಮರಿ ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದು ಅದೇ ಗಂಡಿನೊಡನೆ ಕೂಡಿದುದನ್ನೂ ಅವರು ೧೯೬೫ರಲ್ಲಿ ವರದಿ ಮಾಡಿದರು.

ಮುಸುವ ಹನುಮಂತನ ವಂಶದ್ದೆಂದು ನಂಬಿದ ನಾಡಿನಲ್ಲಿ ಈ ಸಂಗತಿ ನೋವು ತರುವುದು ಸಹಜ. ಆದರೆ ಅದಕ್ಕಿಂತ ಹೆಚ್ಚಿನ ಇಕ್ಕಟ್ಟಿಗೆ ಸಿಕ್ಕಿದುದು ವಿಜ್ಞಾನ. ‘ಜಾತಿಯ ಒಳಿತಿಗಾಗಿ’ ಎಂಬ ಸೂತ್ರದಿಂದ ಇದನ್ನು ವಿವರಿಸುವುದು ಹೇಗೆ? ಕಿಕ್ಕಿರಿದ ನೆಲೆಯಲ್ಲಿ ಹುಟ್ಟಿದ ವಿಕೃತಿಯಿದು ಎಂದು ಕೆಲವರು ವಾದಿಸಿದರು. ಆಬೂ ಬೆಟ್ಟದ ಮುಸುವಗಳನ್ನು ಅಭ್ಯಾಸ ಮಾಡಿ ೧೯೭೭ರಲ್ಲಿ ಗ್ರಂಥ ಬರೆದ ಸಾರಾ ಹರ್ಡಿ ಅವರು, ಇದು ವಿಕೃತಿಯಲ್ಲ, ನಿಸರ್ಗದ ಆಯ್ಕೆಯೇ ಉಳಿಸಿದ ನಡತೆಯೆಂದರು. ಗಂಡಿನ ಒಡೆತನದ ಕಾಲ ಅಲ್ಪ. ಹಾಲು ಕುಡಿಯುವ ಮರಿ ಇರುವ ತನಕ ತಾಯಿ ಮತ್ತೆ ಗರ್ಭ ಧರಿಸಲಾರಳು. ಬೇರೆಯವನ ಮರಿಯನ್ನು ಕೊಂದ ಗಂಡು ತನ್ನ ಸಂತಾನವನ್ನು ಬೇಗ ಪಡೆಯುತ್ತದೆ. ನೇಪಾಳದ ರಾಮನಗರದಲ್ಲಿ ನಡೆದು ೧೯೯೯ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಯೂ, ಮರಿಗಳ ಮೇಲೆ ಬಿದ್ದ ಗಂಡುಗಳು ಆ ಮರಿಗಳ ತಂದೆಯಲ್ಲವೆಂದು ತೋರಿಸಿ ಈ ವಾದಕ್ಕೆ ಬಲ ಕೊಟ್ಟಿತು.

ಆದರೆ ಹರ್ಡಿಯವರ ಗ್ರಂಥದಲ್ಲಿ ಇನ್ನೊಂದು ಚಿತ್ರವೂ ಇದೆ. ಮೊದಲನೆಯದರ ಭೀಕರತೆಯಲ್ಲಿ ಅದನ್ನು ಮರೆಯಬಾರದು. ಕೊಲ್ಲಲು ಬಂದ ಗಂಡಿಗೆ ಹಿಂಡಿನ ಮುದಿ ಹೆಣ್ಣುಗಳು ಅಡ್ಡ ನಿಂತು, ತಮ್ಮದಲ್ಲದ ಮರಿಯನ್ನು ಬಿಡಿಸಿಕೊಂಡುದು ಅಲ್ಲಿ ದಾಖಲಾಗಿದೆ. ಮೈಯಲ್ಲಿ ಕಸುವಿಲ್ಲದ, ಇನ್ನು ತನಗೆ ಮರಿಯಾಗುವ ಸಂಭವ ತೀರ ಕಡಿಮೆಯಾದ ಮುದುಕಿ ತನಗಿಂತ ಬಲಿಷ್ಠನಾದ ಗಂಡಿನ ಮೇಲೆ ಬೀಳುತ್ತಾಳೆ. ಹೆಣ್ಣು ಮುಸುವಗಳು ಸಾಮಾನ್ಯವಾಗಿ ಹುಟ್ಟಿದ ಹಿಂಡಿನಲ್ಲಿಯೇ ಉಳಿಯುವುದರಿಂದ ಆ ಮರಿ ಅವಳಿಗೆ ಮೊಮ್ಮಗುವೋ ತಂಗಿಯ ಮಗುವೋ ಆಗಿರುವ ಸಂಭವವುಂಟು. ಗಂಡಿನ ಕೊಲೆಯನ್ನು ವಿವರಿಸುವ ಲೆಕ್ಕವೇ ಮುದುಕಿಯ ಸಾಹಸವನ್ನೂ ವಿವರಿಸುತ್ತದೆ. ನಿಸರ್ಗದ ಆಯ್ಕೆಯು ಕ್ರೌರ್ಯದ ಪಕ್ಷವನ್ನೂ ವಹಿಸಿಲ್ಲ, ಕರುಣೆಯ ಪಕ್ಷವನ್ನೂ ವಹಿಸಿಲ್ಲ. ಒಂದೇ ಹಿಂಡಿನಲ್ಲಿ, ಒಂದೇ ಗಳಿಗೆಯಲ್ಲಿ ಎರಡನ್ನೂ ಉಳಿಸಿಕೊಂಡಿದೆ.

೪

ಈ ಬೆಳಕಿನಲ್ಲಿ ಡಾಕಿನ್ಸ್ ಅವರ ಗ್ರಂಥದ ಗುಣದೋಷಗಳನ್ನು ತೂಗಬಹುದು. ಅದರ ದೊಡ್ಡ ಗುಣವೆಂದರೆ, ಬಿಡಿ ಬಿಡಿಯಾಗಿ ಗಣಿತದ ಪತ್ರಿಕೆಗಳಲ್ಲಿ ಹೂತಿದ್ದ ವಿಚಾರಗಳನ್ನು ಒಂದೇ ದೃಷ್ಟಿಯಿಂದ ಹೆಣೆದು, ಸಾಮಾನ್ಯ ಓದುಗನೂ ಅನುಸರಿಸಬಹುದಾದ ವಾದಸರಣಿಯನ್ನಾಗಿ ಮಾಡಿದುದು. ಸ್ವಾರ್ಥ ಪರಾರ್ಥಗಳಿಗೆ ತಾವು ಕೊಡುವ ಲಕ್ಷಣವು ನಡತೆಯ ಫಲಕ್ಕೆ ಸಂಬಂಧಿಸಿದ್ದು, ಮನಸ್ಸಿನ ಉದ್ದೇಶಕ್ಕಲ್ಲವೆಂದು ಗ್ರಂಥದ ಆರಂಭದಲ್ಲಿಯೇ ಅವರು ಎಚ್ಚರಿಸಿದ್ದಾರೆ. ಇಂಗ್ಲೆಂಡಿನ ತತ್ತ್ವಜ್ಞೆ ಮೇರಿ ಮಿಜ್ಲಿಯವರು ೧೯೭೯ರಲ್ಲಿ ಮಾಡಿದ ಕಟುವಾದ ಖಂಡನೆಯಲ್ಲಿ ಈ ಎಚ್ಚರಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಲಿಲ್ಲ. ಡಾಕಿನ್ಸ್ ಅವರು ೧೯೮೧ರಲ್ಲಿ ಕೊಟ್ಟ ಉತ್ತರದಲ್ಲಿ ಇದನ್ನು ಎತ್ತಿ ತೋರಿಸಿದುದು ಯುಕ್ತವೇ.

ಆದರೆ ಮಿಜ್ಲಿಯವರ ಕೋಪಕ್ಕೆ ಆಧಾರವೇ ಇರಲಿಲ್ಲವೆನ್ನಲಾಗದು. ಲಕ್ಷಣ ಕೊಡುವಾಗ ಫಲದ ಮಾತು, ಉಪದೇಶ ಮಾಡುವಾಗ ಉದ್ದೇಶದ ಮಾತು: ಗ್ರಂಥಕಾರರು ಒಂದರಿಂದ ಇನ್ನೊಂದಕ್ಕೆ ಅರಿವಿಲ್ಲದೆ ಜಾರಿದ್ದಾರೆ. ಮನುಷ್ಯರು ಹುಟ್ಟಿನಿಂದಲೇ ಸ್ವಾರ್ಥಿಗಳಾದುದರಿಂದ ಔದಾರ್ಯವನ್ನು ಕಲಿಸಬೇಕೆಂಬ ಅಭಿಪ್ರಾಯದ ಮಾತು ಮೊದಲ ಅಧ್ಯಾಯದಲ್ಲಿದೆ. ವಂಶವಾಹಿಯು ತನ್ನ ಪ್ರತಿಗಳನ್ನು ಹೆಚ್ಚಿಸಿಕೊಳ್ಳುತ್ತದೆಂಬುದರಿಂದ ಅದನ್ನು ಹೊತ್ತ ಮನುಷ್ಯನು ಸ್ವಾರ್ಥಿಯೆಂಬುದು ಹೊರಡುವುದಿಲ್ಲ. ಮರಿಯನ್ನು ಬಿಡಿಸಿದ ಮುದುಕಿಯಲ್ಲಿರುವುದೂ ಅಂಥ ವಂಶವಾಹಿಯೇ; ಅವಳ ಮನಸ್ಸಿನಲ್ಲಿ ಲೆಕ್ಕವಿಲ್ಲ. ಡಾಕಿನ್ಸ್ ಅವರು ೨೦೦೬ರ ಆವೃತ್ತಿಯ ಮುನ್ನುಡಿಯಲ್ಲಿ, ಈ ಮಾತನ್ನು ಓದುಗರು ಮನಸ್ಸಿನಲ್ಲಿಯೇ ಅಳಿಸಿಬಿಡಬೇಕೆಂದೂ, ಗ್ರಂಥಕ್ಕೆ ‘ಅಮರ ವಂಶವಾಹಿ’ ಎಂಬ ಹೆಸರೂ ಒಪ್ಪುತ್ತಿತ್ತೆಂದೂ ಒಪ್ಪಿಕೊಂಡರು. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೆ ಮೂವತ್ತು ವರ್ಷಗಳಲ್ಲಿ ಹೆಸರು ಊರೂರು ಸುತ್ತಿಯಾಗಿತ್ತು.

ಫಲ ಮತ್ತು ಉದ್ದೇಶಗಳ ಈ ಅಂತರವನ್ನು ಬಹಳ ಮೊದಲೇ ನಗೆಮಾತಿನಲ್ಲಿ ಹಿಡಿದವರು ಜೆ. ಬಿ. ಎಸ್. ಹಾಲ್ಡೇನ್. ೧೯೫೭ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಈ ಮಹನೀಯರು ೧೯೫೫ರ ಒಂದು ಲೇಖನದಲ್ಲಿ ಪ್ರವಾಹದಲ್ಲಿ ಮುಳುಗುವ ಮಗುವಿನ ಲೆಕ್ಕವನ್ನು ಹೂಡಿದ್ದರು. ಬಿಡಿಸಲು ಹಾರಿದವನು ಸಾಯುವ ಸಂಭವ ಹತ್ತರಲ್ಲೊಂದು. ಮಗು ತನ್ನದೇ ಆಗಿದ್ದರೆ, ಹಾಗೆ ಹಾರಿಸುವ ವಂಶವಾಹಿ ಒಂದು ನಷ್ಟವಾಗುವಲ್ಲಿ ಐದು ಉಳಿಯುತ್ತವೆ. ಲೆಕ್ಕ ಮುಗಿಸಿದ ಮೇಲೆ ಅವರು ಸೇರಿಸಿದ ಮಾತಿನ ಸಾರಾಂಶ ಇದು: ತಾವು ಎರಡು ಸಲ ಜನರನ್ನು ನೀರಿನಿಂದ ಎಳೆದು ತಂದಾಗ ಇಂಥ ಲೆಕ್ಕಕ್ಕೆ ಸಮಯವಿರಲಿಲ್ಲ. ಆಯ್ಕೆ ನಡೆಯುವುದು ಲಕ್ಷಾಂತರ ವರ್ಷಗಳಲ್ಲಿ. ಹಾರುವುದು ಒಂದು ಕ್ಷಣದಲ್ಲಿ. ನೀತಿಗೆ ವಿಷಯವಾಗುವುದು ಆ ಕ್ಷಣ.

೫

ಸಂಬಂಧದ ಲೆಕ್ಕವೇ ಎಲ್ಲವೂ ಅಲ್ಲವೆಂಬುದಕ್ಕೂ ಕರ್ನಾಟಕದಿಂದಲೇ ಸಾಕ್ಷ್ಯ ದೊರೆತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ ಅವರು, ಕಾಗದದಂಥ ಗೂಡು ಕಟ್ಟುವ ರೊಪಾಲಿಡಿಯಾ ಮಾರ್ಜಿನೇಟ ಎಂಬ ಕಣಜವನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ಕಣಜಗಳಲ್ಲಿ ಒಬ್ಬ ತಂದೆಯ ಅಕ್ಕತಂಗಿಯರ ಸಂಬಂಧದ ಅಂಶ ಮುಕ್ಕಾಲಿನಷ್ಟಿರುವುದರಿಂದಲೇ ಅವು ರಾಣಿಗಾಗಿ ದುಡಿಯುತ್ತವೆಯೆಂಬುದು ಪ್ರಸಿದ್ಧ ವಿವರಣೆಯಾಗಿತ್ತು. ಈ ಕಣಜದಲ್ಲಾದರೋ ರಾಣಿ ಹಲವು ಗಂಡುಗಳೊಡನೆ ಕೂಡುತ್ತಾಳೆ, ರಾಣಿಯರೂ ಬದಲಾಗುತ್ತಿರುತ್ತಾರೆ, ಆದುದರಿಂದ ಗೂಡಿನೊಳಗಣ ಸಂಬಂಧ ಅಷ್ಟು ಗಾಢವಾಗಿರುವುದಿಲ್ಲ. ಕೆಲಸಗಾರ್ತಿ ಬೇಕಾದರೆ ಹೊರಟುಹೋಗಿ ಸ್ವಂತ ಗೂಡು ಕಟ್ಟಬಲ್ಲಳು. ಆದರೂ ಹಲವರು ಉಳಿಯುತ್ತಾರೆ. ಗದಗಕರ ಅವರು ಕೊಟ್ಟ ಕಾರಣಗಳಲ್ಲಿ ಒಂದು ಇದು: ಒಂಟಿಯಾಗಿ ಗೂಡು ಕಟ್ಟಿದವಳು ನಡುವೆ ಸತ್ತರೆ ಅವಳ ಶ್ರಮವೆಲ್ಲ ಮಣ್ಣುಪಾಲು, ಗುಂಪಿನಲ್ಲಿದ್ದು ಸತ್ತರೆ ಅವಳು ಅರ್ಧ ಸಾಕಿದ ಮರಿಗಳನ್ನು ಉಳಿದವರು ಸಾಕಿ ದೊಡ್ಡದು ಮಾಡುತ್ತಾರೆ. ಹ್ಯಾಮಿಲ್ಟನ್ನರ ಸೂತ್ರ ಇದರಿಂದ ಬಿದ್ದುಹೋಗುವುದಿಲ್ಲ. ಆದರೆ ಅದರಲ್ಲಿ ರಕ್ತಸಂಬಂಧದಷ್ಟೇ ಲಾಭ ನಷ್ಟಗಳ ಸನ್ನಿವೇಶವೂ ಮುಖ್ಯವೆಂಬುದು ಸ್ಥಿರಪಡುತ್ತದೆ. ರಕ್ತಸಂಬಂಧವೇ ಇಲ್ಲದವರ ನಡುವಿನ ಕೊಡುಕೊಳ್ಳುವಿಕೆಯನ್ನು ರಾಬರ್ಟ್ ಟ್ರಿವರ್ಸ್ ಅವರು ೧೯೭೧ರಲ್ಲಿ ವಿವರಿಸಿದುದನ್ನೂ ಇದರೊಡನೆ ನೆನೆಯಬೇಕು.

ಇದು ಪಂಡಿತರ ಜಿಜ್ಞಾಸೆ ಮಾತ್ರವಲ್ಲ. ‘ನಮ್ಮವರು’ ಎಂಬ ಪದ ಊರು ಬಿಟ್ಟು ಬಂದವರ ನಡುವೆ ಬಹಳ ಕೆಲಸ ಮಾಡುತ್ತದೆ. ಅದರ ವ್ಯಾಪ್ತಿ ಕೆಲವೊಮ್ಮೆ ಭಾಷೆ, ಕೆಲವೊಮ್ಮೆ ಜಿಲ್ಲೆ, ಕೆಲವೊಮ್ಮೆ ಜಾತಿ. ಜಾತಿಯ ಪಕ್ಷಪಾತವು ರಕ್ತದಲ್ಲಿಯೇ ಬಂದದ್ದು, ವಿಜ್ಞಾನಸಮ್ಮತವಾದದ್ದು ಎಂಬ ವಾದ ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುವುದುಂಟು. ಸೂತ್ರವನ್ನೇ ಕೇಳಿದರೆ ಅದು ಈ ವಾದವನ್ನು ಒಪ್ಪುವುದಿಲ್ಲ. ಮುತ್ತಜ್ಜನ ತಂದೆಯ ಕಾಲದಲ್ಲಿ ಕವಲೊಡೆದ ದಾಯಾದಿಗಳಲ್ಲಿ ಸಂಬಂಧದ ಅಂಶ ೧೨೮ರಲ್ಲೊಂದು. ಕೊಟ್ಟವನ ನಷ್ಟದ ೧೨೮ ಪಟ್ಟು ಲಾಭವಾದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ದಕ್ಷಿಣದ ಸೋದರಿಕೆಯ ಮದುವೆಗಳಿಂದ ಈ ಅಂಶ ಸ್ವಲ್ಪ ಏರುವುದು ನಿಜ. ಆದರೆ ಸಾವಿರಾರು ಮಂದಿಯ ಜಾತಿಯೊಂದು ಅಷ್ಟರಿಂದ ಒಂದು ಗೂಡಾಗಿಬಿಡುವುದಿಲ್ಲ. ಜಾತಿಯ ಒಲವು ಕಲಿತದ್ದು, ಕಲಿತದ್ದನ್ನು ಬಿಡಲೂಬಹುದು. ಒಂದು ವೇಳೆ ಅದು ಹುಟ್ಟಿನಿಂದಲೇ ಬಂದುದಾಗಿದ್ದರೂ ಅಷ್ಟರಿಂದ ಧರ್ಮವಾಗುತ್ತಿರಲಿಲ್ಲ. ಧಾರವಾಡದ ಗಂಡು ಮುಸುವದ ನಡತೆಯೂ ಹುಟ್ಟಿನಿಂದ ಬಂದುದೇ.

ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಬಂದ ಹುಡುಗರಿಗೆ, ತಮಗೆ ಯಾವ ವಿಧದಲ್ಲಿಯೂ ಬಂಧುಗಳಲ್ಲದ ಅವರಿಗೆ, ಅಕ್ಷರ ಕಲಿಸಿದವರಿದ್ದಾರೆ. ಅಂಥ ಅಕ್ಕರೆಯ ಬೇರು ವಿಕಾಸದ ಇತಿಹಾಸದಲ್ಲಿ ಎಲ್ಲಿಯೋ ಇರಬಹುದು. ಬೇರನ್ನು ಅಗೆದು ನೋಡುವುದು ವಿಜ್ಞಾನದ ಕೆಲಸ; ಅದರಿಂದ ಹಣ್ಣಿನ ರುಚಿ ಕೆಡುವುದಿಲ್ಲ. ಬೇರಿನ ಹೆಸರನ್ನು ಹಣ್ಣಿಗೆ ಇಟ್ಟು, ಅದನ್ನೂ ‘ಸ್ವಾರ್ಥ’ವೆಂದು ಕರೆಯುವುದು ಮಾತ್ರ ವಿಜ್ಞಾನವಲ್ಲ, ಪದದ ಅಪಪ್ರಯೋಗ. ವಂಶವಾಹಿಗೆ ಸ್ವಾರ್ಥವೆಂದರೆ ತರ್ಕಗ್ರಂಥಗಳ ಅರ್ಥವನ್ನಷ್ಟೇ ಕೊಡಬೇಕು; ಬೈಗುಳವನ್ನೂ ಹೊಗಳಿಕೆಯನ್ನೂ ಆರಿಸಿ ನಡೆಯಬಲ್ಲ ಮನುಷ್ಯನಿಗೆ ಮೀಸಲಿಡಬೇಕು.