ಮನೆಯ ಫೋಟೊ ಸಂಗ್ರಹ ಮತ್ತು ಹೊಳೆಯ ನೀರು: ಬ್ಯಾಕಪ್ ರೂಢಿಗಳ ಒಂದು ವಿಮರ್ಶೆ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಮನೆಗಳಲ್ಲಿ ಕುಬಸ, ಜವಳ, ಮದುವೆ, ಮನೆಶಾಂತಿಗಳ ಚಿತ್ರಗಳು ಒಂದು ಕಾಲಕ್ಕೆ ಗೋಡೆಯ ಚೌಕಟ್ಟಿನಲ್ಲಿ ಮತ್ತು ತಿಜೋರಿಯ ಆಲ್ಬಮ್ಮಿನಲ್ಲಿ ಇರುತ್ತಿದ್ದವು. ಈಗ ಅವುಗಳಲ್ಲಿ ಬಹುಪಾಲು ಮೊಬೈಲಿನೊಳಗೆ ಕಡತಗಳಾಗಿ ಮಾತ್ರ ಉಳಿದಿವೆ. ಇಂಥ ಕಡತ ಹಾಳಾದಾಗ ಅದರ ಜಾಗಕ್ಕೆ ಮರಳಿ ತರಬಹುದಾದ ಬೇರೊಂದು ಪ್ರತಿಯನ್ನು ಬ್ಯಾಕಪ್ ಎಂದು ಕರೆಯುತ್ತಾರೆ. ಈ ಪ್ರದೇಶದಲ್ಲಿ ಬ್ಯಾಕಪ್ಪಿನ ಹೆಸರಿನಲ್ಲಿ ನಡೆಯುವ ರೂಢಿಗಳನ್ನು ಪರಿಶೀಲಿಸುವಾಗ ಪ್ರತಿಗಳೆಷ್ಟು ಎಂಬ ಲೆಕ್ಕಕ್ಕಿಂತ ಮುಖ್ಯವಾಗುವ ಅಳತೆಗೋಲು ಇನ್ನೊಂದಿದೆ. ಮೂಲವನ್ನು ಹಾಳುಮಾಡುವ ಅದೇ ಕಾರಣ, ಅಂದರೆ ಅದೇ ನೆರೆ, ಅದೇ ಮರೆತ ಪಾಸ್‌ವರ್ಡ್, ಅದೇ ತಪ್ಪಿದ ಬೆರಳು, ಪ್ರತಿಯನ್ನೂ ಹಾಳುಮಾಡಬಲ್ಲದಾದರೆ ಆ ಪ್ರತಿ ಬ್ಯಾಕಪ್ ಎನಿಸುವುದಿಲ್ಲ.

ಈ ಅಳತೆಗೋಲು ಇಲ್ಲಿ ಕೇವಲ ತಾತ್ವಿಕವಾದದ್ದಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಕೆಳಗಿಳಿಯುವ ಘಟಪ್ರಭೆಗೆ ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳ ನೀರೂ ಸೇರುತ್ತದೆ. ಸಹ್ಯಾದ್ರಿಯ ಸೆರಗಿನಲ್ಲಿ ಮಳೆ ಹೆಚ್ಚಾದಾಗ ಈ ಮೂರೂ ಒಟ್ಟಿಗೆ ಉಕ್ಕುತ್ತವೆ. 2019ರ ಆಗಸ್ಟಿನಲ್ಲಿ ಲೋಳಸೂರ ಸೇತುವೆ ಮುಳುಗಿ ಗೋಕಾಕ ಪಟ್ಟಣದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತು; 2021ರ ಜುಲೈನಲ್ಲಿಯೂ ನೆರೆ ಮರುಕಳಿಸಿತು. ಅಂಥ ಹೊತ್ತಿನಲ್ಲಿ ಮನೆಯ ಕಂಪ್ಯೂಟರು, ಅದೇ ಓಣಿಯ ಅಣ್ಣತಮ್ಮಂದಿರ ಮನೆಯ ಪೆನ್‌ಡ್ರೈವು, ಪೇಟೆಯ ಸ್ಟುಡಿಯೊದ ಹಾರ್ಡ್ ಡಿಸ್ಕು ಈ ಮೂರೂ ಒಂದೇ ರಾತ್ರಿ ನೀರಿನಲ್ಲಿ ಇರಬಲ್ಲವು. ನೆನೆದ ಹಳೆಯ ಫೋಟೊಗಳನ್ನು ಅಂಟಿಕೊಳ್ಳುವ ಮುನ್ನ ಶುದ್ಧ ತಣ್ಣೀರಿನಲ್ಲಿ ಬಿಡಿಸಿ, ಚಿತ್ರದ ಬದಿಯನ್ನು ಮೇಲೆ ಮಾಡಿ ನೆರಳಿನಲ್ಲಿ ಆರಲು ಬಿಟ್ಟರೆ ಹಲವು ಉಳಿಯುತ್ತವೆ. ಕೆಸರುನೀರು ಹೊಕ್ಕ ಹಾರ್ಡ್ ಡಿಸ್ಕಿಗೆ ಅಂಥ ಮನೆಮದ್ದಿಲ್ಲ; ಒಣಗಿತೆಂದು ಅದಕ್ಕೆ ವಿದ್ಯುತ್ ಕೊಟ್ಟರೆ ತಿರುಗುವ ತಟ್ಟೆಗಳ ಮೇಲೆ ಮಣ್ಣಿನ ಕಣ ಗೀರೆಳೆದು, ಪರಿಣತರು ಹೊರತೆಗೆಯಬಹುದಾಗಿದ್ದ ದತ್ತಾಂಶವೂ ಕೈತಪ್ಪುತ್ತದೆ.

ರೂಢಿಗಳಲ್ಲಿ ಅತ್ಯಂತ ವ್ಯಾಪಕವಾದದ್ದು ಮತ್ತು ಅತ್ಯಂತ ದುರ್ಬಲವಾದದ್ದು ವಾಟ್ಸ್ಆ್ಯಪ್ ಗುಂಪಿನ ಮೇಲಿನ ಭರವಸೆ. ಬೀಗರಿಗೆಲ್ಲ ಕಳಿಸಿದ್ದೇವೆ, ಯಾರ ಹತ್ತಿರವಾದರೂ ಇದ್ದೇ ಇರುತ್ತದೆ ಎಂಬ ನಂಬಿಕೆಯಲ್ಲಿ ಸ್ವಲ್ಪ ಸತ್ಯವಿದೆ, ಏಕೆಂದರೆ ಹತ್ತಾರು ಊರುಗಳಿಗೆ ಚದುರಿದ ಪ್ರತಿಗಳನ್ನು ಒಂದೇ ನೆರೆ ಮುಟ್ಟಲಾರದು. ಆದರೆ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದಾಗ ಚಿತ್ರದ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್ಲಿಗೆ ಇಳಿಯುತ್ತದೆ. ಪಿಕ್ಸೆಲ್ ಎಂದರೆ ಡಿಜಿಟಲ್ ಚಿತ್ರವನ್ನು ಕಟ್ಟುವ ಬಣ್ಣದ ಬಿಂದು. 4000 ಪಿಕ್ಸೆಲ್ ಉದ್ದ, 3000 ಪಿಕ್ಸೆಲ್ ಅಗಲದ ಮೂಲಚಿತ್ರ ಹೀಗೆ ಹೋದಾಗ ಅದರ ಬಿಂದುಗಳಲ್ಲಿ ಆರರಲ್ಲೊಂದು ಪಾಲೂ ಉಳಿಯುವುದಿಲ್ಲ. ಇದಕ್ಕಿಂತ ದೊಡ್ಡ ನಷ್ಟವೆಂದರೆ ಚಿತ್ರ ತೆಗೆದ ದಿನಾಂಕ, ವೇಳೆ, ಸ್ಥಳಗಳನ್ನು ಕಡತದೊಳಗೇ ಬರೆದಿಡುವ ಮೆಟಾಡೇಟಾ ಎಂಬ ಮಾಹಿತಿ ಕಳಚಿಹೋಗುವುದು. ಇಪ್ಪತ್ತು ವರ್ಷಗಳ ಅನಂತರ ಇದು ಯಾವ ವರ್ಷದ ಜಾತ್ರೆ ಎಂದು ಮಕ್ಕಳು ಕೇಳಿದರೆ ಆ ಚಿತ್ರದಲ್ಲಿ ಉತ್ತರವಿರುವುದಿಲ್ಲ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲಕಡತ ಇದ್ದ ಹಾಗೆಯೇ ತಲಪುತ್ತದೆ ಎಂಬುದನ್ನು ಬಲ್ಲವರು ಕಡಿಮೆ.

ಎರಡನೆಯದು ಸ್ಟುಡಿಯೊದವರನ್ನು ನೆಚ್ಚಿಕೊಳ್ಳುವ ರೂಢಿ. ಮದುವೆಯ ಆಲ್ಬಮ್ಮು ಕೈಸೇರಿದ ಮೇಲೆ ಮೂಲ ಫೋಟೊಗಳನ್ನು ಕೇಳಿ ಪಡೆಯುವ ಅಭ್ಯಾಸ ಹಲವು ಕುಟುಂಬಗಳಲ್ಲಿ ಇಲ್ಲ. ಒಂದೊಂದು ಮದುವೆಗೂ ಸಾವಿರಾರು ಚಿತ್ರ ತೆಗೆಯುವ ಛಾಯಾಗ್ರಾಹಕರು ಮುಂದಿನ ಲಗ್ನಸರಾಯಿಯ ಕೆಲಸಕ್ಕೆ ಜಾಗ ಮಾಡಿಕೊಳ್ಳಲು ಹಳೆಯ ಡೇಟಾ ಅಳಿಸುವುದು ವೃತ್ತಿಯ ಅನಿವಾರ್ಯತೆಯಾಗಿರುವುದರಿಂದ ತಪ್ಪನ್ನು ಅವರ ಮೇಲೆ ಹೊರಿಸುವುದು ಸಲ್ಲದು. ಪೆನ್‌ಡ್ರೈವಿನಲ್ಲಿ ಪಡೆದವರೂ ಅದನ್ನೇ ಒಡವೆಯ ಡಬ್ಬಿಯಲ್ಲಿಟ್ಟು ನಿಶ್ಚಿಂತರಾಗುವಂತಿಲ್ಲ. ಪೆನ್‌ಡ್ರೈವು ಮಾಹಿತಿಯನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುತ್ತದೆ. ವರ್ಷಗಟ್ಟಲೆ ಬಳಸದೆ ಇಟ್ಟರೆ ಆ ಆವೇಶ ಸೋರಬಹುದು. ಆದ್ದರಿಂದ ಅದು ಸಾಗಿಸಲು ತಕ್ಕ ಸಾಧನವೇ ಹೊರತು ಕಾಪಿಡಲು ತಕ್ಕದ್ದಲ್ಲ.

ಮೂರನೆಯದಾದ ಗೂಗಲ್ ಫೋಟೋಸ್ ಮೊದಲೆರಡಕ್ಕಿಂತ ನಿಸ್ಸಂದೇಹವಾಗಿ ಮೇಲು. ಅದು ಕ್ಲೌಡ್ ಸೇವೆ, ಅಂದರೆ ಕಡತಗಳು ಅಂತರ್ಜಾಲದ ಮೂಲಕ ದೂರದ ಕಂಪ್ಯೂಟರುಗಳಿಗೆ ಹೋಗಿ ನೆಲೆಸುವ ವ್ಯವಸ್ಥೆಯಾದ್ದರಿಂದ ಘಟಪ್ರಭೆಯ ನೀರು ಅಲ್ಲಿಗೆ ಮುಟ್ಟದು. ಆದರೆ ಈ ಬಲದ ಜೊತೆಗೇ ಮೂರು ದೌರ್ಬಲ್ಯಗಳಿವೆ. ಮೊದಲನೆಯದು ಜಾಗದ ಮಿತಿ: ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಕೊನೆಗೊಂಡಿತು, ಇ-ಮೇಲ್ ಸಹಿತ ಎಲ್ಲಕ್ಕೂ ಸೇರಿ ಸಿಗುವ 15 ಜಿಬಿಯಲ್ಲಿ ತಲಾ 4 ಎಂಬಿಯ ಮೂರೂವರೆ ಸಾವಿರದಷ್ಟು ಚಿತ್ರಗಳು ಹಿಡಿದಾವು, ತುಂಬಿದ ಮೇಲೆ ಹೊಸವು ಏರುವುದು ನಿಲ್ಲುತ್ತದೆ. ಎರಡನೆಯದು, ಫೋನು ಮತ್ತು ಕ್ಲೌಡ್ ಒಂದಕ್ಕೊಂದು ಹೊಂದಿಕೊಂಡೇ ಇರುವ ಸಿಂಕ್ ಎಂಬ ಗುಣ: ಆ್ಯಪಿನಲ್ಲಿ ಅಳಿಸಿದ ಚಿತ್ರ ಎರಡೂ ಕಡೆಯಿಂದ ಹೋಗುತ್ತದೆ, ಬ್ಯಾಕಪ್ ಆಗಿದ್ದ ಚಿತ್ರವಾದರೆ 60 ದಿನಗಳವರೆಗೆ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಶಾಶ್ವತವಾಗಿ ಅಳಿಯುತ್ತದೆ.

ಮೂರನೆಯ ದೌರ್ಬಲ್ಯವೇ ಈ ಭಾಗದ ಕುಟುಂಬಗಳಿಗೆ ಹೆಚ್ಚು ಅಪಾಯಕಾರಿ. ಹೊಸ ಫೋನು ಕೊಂಡಾಗ ಮೊಬೈಲ್ ಅಂಗಡಿಯಲ್ಲೇ ಹೊಸದೊಂದು ಜಿಮೇಲ್ ಐಡಿ ಮಾಡಿಸಿಕೊಂಡು ಬರುವುದು ಹಿರಿಯರಲ್ಲಿ ಸಾಮಾನ್ಯ. ಆಗ ಹಳೆಯ ಫೋನಿನ ಚಿತ್ರಗಳು ಹಳೆಯ ಐಡಿಯಲ್ಲೇ ಉಳಿಯುತ್ತವೆ. ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ, ದೃಢೀಕರಣದ ಒಟಿಪಿ ಹೋಗುವುದು ಬಂದಾದ ಸಿಮ್ಮಿಗೆ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನೂ ಅದರಲ್ಲಿನ ಚಿತ್ರಗಳನ್ನೂ ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ನೆರೆ ಬಾರದ ಎತ್ತರದ ಊರಿನಲ್ಲೂ ಸಂಗ್ರಹ ಹೀಗೆ ಸದ್ದಿಲ್ಲದೆ ಇಲ್ಲವಾಗಬಲ್ಲದು.

ಈ ರೂಢಿಗಳಿಗೆ ಎದುರಾಗಿ ನಿಲ್ಲುವ ಸೂತ್ರವೆಂದರೆ ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ 3-2-1 ನಿಯಮ: ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ. ಛಾಯಾಗ್ರಾಹಕರ ಕೆಲಸಕ್ಕಾಗಿ ಹುಟ್ಟಿದ ಈ ನಿಯಮ ಸಾಮಾನ್ಯ ಮನೆಗೂ ಒಗ್ಗುತ್ತದೆ, ಆದರೆ ಬೇರೆ ಸ್ಥಳ ಎಂಬ ಮಾತನ್ನು ಇಲ್ಲಿ ನದಿಯ ಪಾತ್ರ ನೋಡಿ ಅರ್ಥಮಾಡಿಕೊಳ್ಳಬೇಕು. ಗೋಕಾಕದ ಹೊಳೆದಂಡೆಯ ಮನೆಗೆ ಪಕ್ಕದ ಓಣಿ ಬೇರೆ ಸ್ಥಳವಲ್ಲ; ನದಿಯಿಂದ ದೂರವಿರುವ ಹುಕ್ಕೇರಿ ಅಥವಾ ಮೂಡಲಗಿ ಪಟ್ಟಣದ ಬೀಗರ ಮನೆ ಬೇರೆ ಸ್ಥಳ. ಹಿರಣ್ಯಕೇಶಿಯ ದಡದ ಸಂಕೇಶ್ವರದವರಿಗೂ ಘಟಪ್ರಭೆಯ ದಡದ ಸುಣಧೋಳಿಯವರಿಗೂ ಇದೇ ಮಾತು ಅನ್ವಯಿಸುತ್ತದೆ. ಒಂದು ಹಾರ್ಡ್ ಡಿಸ್ಕು ಮನೆಯಲ್ಲಿ, ಇನ್ನೊಂದು ಬೀಗರ ತಿಜೋರಿಯಲ್ಲಿ ಇದ್ದು, ದೀಪಾವಳಿ ಮತ್ತು ಯುಗಾದಿಗೆ ಹೋಗಿಬರುವಾಗ ಹೊಸ ಚಿತ್ರ ತುಂಬಿದ ಡಿಸ್ಕನ್ನು ಅಲ್ಲಿಟ್ಟು ಹಳೆಯದನ್ನು ತಂದರೆ ನಿಯಮದ ಕಠಿಣ ಭಾಗ ಹಬ್ಬದ ಪ್ರಯಾಣದಲ್ಲೇ ನೆರವೇರುತ್ತದೆ. ಮೂರನೆಯ ಪ್ರತಿಯಾಗಿ ಕ್ಲೌಡ್ ಇರಲಿ. ಡಿಸ್ಕನ್ನು ಪ್ರತಿ ತುಂಬಿದ ಕೂಡಲೇ ಕಂಪ್ಯೂಟರಿನಿಂದ ಬಿಡಿಸಿಡುವುದು ಅಗತ್ಯ, ಏಕೆಂದರೆ ಸದಾ ಜೋಡಿಸಿಟ್ಟ ಡಿಸ್ಕಿಗೆ ಕಂಪ್ಯೂಟರಿನ ವೈರಸ್ಸೂ ಸಿಡಿಲಿನ ಹೊಡೆತವೂ ತಟ್ಟುತ್ತವೆ. ಡಿಸ್ಕುಗಳಿಗೂ ಆಯುಷ್ಯವಿದೆ; ಐದಾರು ವರ್ಷಕ್ಕೊಮ್ಮೆ ಹೊಸದಕ್ಕೆ ದಾಟಿಸುವುದು ಲೇಸು.

ಕ್ರೋಗ್ ಸೂತ್ರದ ಅಂಕಿಗಳಲ್ಲಿ ಕಾಣದ ಎರಡು ಅಂಶಗಳನ್ನು ಇಲ್ಲಿ ಸೇರಿಸಬೇಕಾಗುತ್ತದೆ. ಒಂದು, ಮರುಪಡೆಯುವ ಪರೀಕ್ಷೆ: ವರ್ಷಕ್ಕೊಮ್ಮೆ ಬೇರೊಂದು ಕಂಪ್ಯೂಟರಿಗೆ ಡಿಸ್ಕು ಜೋಡಿಸಿ, ಚಿತ್ರಗಳ ಸಂಖ್ಯೆಯನ್ನು ಮೂಲದೊಡನೆ ತಾಳೆನೋಡಿ, ಹಳೆಯ ವರ್ಷಗಳ ಕೆಲವು ಚಿತ್ರ ಮತ್ತು ವಿಡಿಯೊಗಳನ್ನು ತೆರೆದು ನೋಡದ ಹೊರತು ಪ್ರತಿ ಇದೆಯೆಂದು ಹೇಳುವಂತಿಲ್ಲ. ಇನ್ನೊಂದು, ಕೀಲಿಯ ಹಂಚಿಕೆ. ಮನೆಯ ಹೆಣ್ಣುಮಕ್ಕಳ ಚಿತ್ರಗಳೂ ಆಧಾರ್, ಪಹಣಿಗಳ ಪ್ರತಿಗಳೂ ಇರುವ ಡಿಸ್ಕಿಗೆ ಪಾಸ್‌ವರ್ಡ್ ಹಾಕುವುದು ಸರಿಯೇ, ಆದರೆ ಆ ಪಾಸ್‌ವರ್ಡ್ ಒಬ್ಬರ ನೆನಪಿನಲ್ಲಿ ಮಾತ್ರ ಇದ್ದರೆ ಅವರ ಅಗಲಿಕೆಯೊಂದಿಗೆ ಸಂಗ್ರಹವೂ ಮುಚ್ಚಿಹೋಗುತ್ತದೆ. ಅದನ್ನು ಕಾಗದದಲ್ಲಿ ಬರೆದು ಹೊಲದ ಕಾಗದಪತ್ರಗಳ ಜೊತೆಗಿರಿಸಿ, ಮನೆಯ ಇನ್ನೊಬ್ಬರಿಗಾದರೂ ತಿಳಿಸಿರಬೇಕು.

ಈ ಎಚ್ಚರ ಒಂದೊಂದು ಕುಟುಂಬದ ಹಿತಕ್ಕಷ್ಟೇ ಸೀಮಿತವಾದದ್ದಲ್ಲ. ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದ ಕುಲಗೋಡ ತಮ್ಮಣ್ಣ ಮತ್ತು ಕೌಜಲಗಿ ನಿಂಗಮ್ಮನವರಂಥ ಕಲಾವಿದರನ್ನು ಕೊಟ್ಟ ಸೀಮೆಯಿದು. ಇಂದಿನ ಬಯಲಾಟ, ಜಾತ್ರೆ, ಕಬ್ಬಿನ ಸುಗ್ಗಿಗಳ ದೃಶ್ಯದಾಖಲೆ ಬಹುಮಟ್ಟಿಗೆ ಖಾಸಗಿ ಮೊಬೈಲುಗಳಲ್ಲೇ ಇದೆ, ನಾಳಿನ ಇತಿಹಾಸಕಾರರು ಹುಡುಕಿಕೊಂಡು ಬರುವುದೂ ಅವನ್ನೇ. ಒಟ್ಟಿನಲ್ಲಿ, ವಾಟ್ಸ್ಆ್ಯಪ್ ಹಂಚಿಕೆಯಾಗಲಿ ಸ್ಟುಡಿಯೊದ ಮೇಲಿನ ಭರವಸೆಯಾಗಲಿ ಬ್ಯಾಕಪ್ ಅಲ್ಲ, ಕ್ಲೌಡ್ ಒಂದೇ ಸಾಲದು. ಹೊಳೆ ಮುಟ್ಟದ ಊರಿನಲ್ಲೊಂದು ಡಿಸ್ಕು, ಮನೆಯಲ್ಲೊಂದು ಡಿಸ್ಕು, ಇಬ್ಬರಿಗೆ ಗೊತ್ತಿರುವ ಪಾಸ್‌ವರ್ಡಿನ ಕ್ಲೌಡ್ ಖಾತೆ, ಈ ಮೂರು ಕೂಡಿದಾಗಲೇ ಸಂಗ್ರಹ ಸುರಕ್ಷಿತ. ಮುಂದಿನ ಮಳೆಗಾಲಕ್ಕೆ ಮುನ್ನ ಪ್ರತಿ ಮನೆಯೂ ಕನಿಷ್ಠ ಮೊದಲ ಡಿಸ್ಕನ್ನಾದರೂ ತುಂಬಿ ಎತ್ತರದ ಊರಿಗೆ ತಲಪಿಸಬೇಕು.