ಯಾವ ಗಡಿಯಾರದ ಗಂಟೆ: ಪೈಥಾನ್ ಕೈಪಿಡಿಯ ಕಾಲಪರಿಭಾಷೆ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಅಧಿಕೃತ ಕೈಪಿಡಿ ಸಮಯಮೌಲ್ಯಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ: ತಾನು ಯಾವ ಕಾಲವಲಯಕ್ಕೆ ಸೇರಿದ್ದೆಂಬ ಮಾಹಿತಿಯನ್ನು ಜೊತೆಗೇ ಇಟ್ಟುಕೊಂಡಿರುವುದು ‘ಅವೇರ್’, ಅದಿಲ್ಲದೆ ಬರಿಯ ದಿನಾಂಕ ಮತ್ತು ಗಂಟೆಗಳನ್ನಷ್ಟೇ ಹೇಳುವುದು ‘ನೈವ್’. ವಿಂಗಡಣೆಯಲ್ಲಿ ಗೊಂದಲವಿಲ್ಲ, ಆದರೆ ನೈವ್ ಮೌಲ್ಯದ ಅರ್ಥವನ್ನು ಪ್ರೋಗ್ರಾಮಿಗೇ ಬಿಟ್ಟಿದೆಯೆಂದು ಒಂದೆಡೆ ಹೇಳುವ ಕೈಪಿಡಿಯೇ, ಹಲವು ವಿಧಾನಗಳು ಅದನ್ನು ಯಂತ್ರದ ಸ್ಥಳೀಯ ಸಮಯವೆಂದು ಎಣಿಸುತ್ತವೆಂದು ಇನ್ನೊಂದೆಡೆ ಎಚ್ಚರಿಸುವುದರಿಂದ, ವ್ಯಾಖ್ಯೆಗೂ ವರ್ತನೆಗೂ ನಡುವೆ ಬಿರುಕು ಉಳಿಯುತ್ತದೆ.

ನವಿ ಮುಂಬಯಿಯ ಘಣಸೋಲಿಯ ಐಟಿ ಕಚೇರಿಯೊಂದರಲ್ಲಿ ಭಾರತೀಯ ಸಮಯಕ್ಕೆ ಹೊಂದಿಸಿದ ಕಂಪ್ಯೂಟರಿನಲ್ಲಿ ನಡುಮಧ್ಯಾಹ್ನ ಪೈಥಾನಿನ ‘ಯುಟಿಸಿನೌ’ ಫಂಕ್ಷನ್ ಕರೆದರೆ, ಅಂತರರಾಷ್ಟ್ರೀಯ ಪ್ರಮಾಣ ಸಮಯವಾದ ಯುಟಿಸಿಯ ಪ್ರಕಾರ 6.30 ಎಂಬ ನೈವ್ ಮೌಲ್ಯ ಬರುತ್ತದೆ. ಅದನ್ನು 1970ರ ಜನವರಿ 1ರಿಂದ ಎಣಿಸುವ ಸೆಕೆಂಡುಗಳಿಗೆ ಬದಲಿಸುವ ‘ಟೈಮ್‌ಸ್ಟ್ಯಾಂಪ್’ ವಿಧಾನವು ಆ 6.30ನ್ನು ಭಾರತದ ಬೆಳಗೆಂದೇ ತಿಳಿಯುವುದರಿಂದ ಉತ್ತರ 19,800 ಸೆಕೆಂಡು ಹಿಂದೆ ಬೀಳುತ್ತದೆ. ಇದಕ್ಕೆ ಬಹುಕಾಲ ಎಚ್ಚರಿಕೆಯ ಚೌಕಟ್ಟೊಂದೇ ಮದ್ದಾಗಿತ್ತು, 2023ರ 3.12ನೆಯ ಆವೃತ್ತಿಯಲ್ಲಷ್ಟೇ ‘ಯುಟಿಸಿನೌ’ ಬಳಕೆ ಬೇಡವೆಂದು ಸಾರಲಾಯಿತು. ದೋಷ ಹೆಸರಿನಲ್ಲೂ ವಿನ್ಯಾಸದಲ್ಲೂ ಇರುವಾಗ ಎಚ್ಚರಿಕೆಯನ್ನು ಎಷ್ಟು ದಪ್ಪಕ್ಷರದಲ್ಲಿ ಮುದ್ರಿಸಿದರೂ ಅದು ವಿವರಣೆಯಾಗದು.

2014ರ ಜಾವಾ 8 ಈ ವಿಷಯದಲ್ಲಿ ಹೆಚ್ಚು ಶಿಸ್ತಿನದು: ಕಾಲಪ್ರವಾಹದ ಒಂದು ಬಿಂದುವಿಗೆ ‘ಇನ್‌ಸ್ಟಂಟ್’, ವಲಯಸಹಿತ ಸಮಯಕ್ಕೆ ‘ಜೋನ್ಡ್‌ಡೇಟ್‌ಟೈಮ್’ ಎಂದು ಬೇರೆಬೇರೆ ವರ್ಗಗಳನ್ನೇ ಅದು ಕೊಟ್ಟಿತು. ಆದರೂ ಅಲ್ಲಿ ‘ಲೋಕಲ್’ ಎಂದರೆ ವಲಯವೇ ಇಲ್ಲದ್ದು, ಪೈಥಾನಿನ ‘ಲೋಕಲ್‌ಟೈಮ್’ ಎಂದರೆ ಯಂತ್ರದ ವಲಯದ್ದು. ಎರಡೂ ಭಾಷೆಗಳಲ್ಲಿ ಕೆಲಸ ಮಾಡುವವರಿಗೆ ಇದು ಒಳ್ಳೆಯ ಬಲೆ.

ಕಾಲವಲಯಗಳ ಜಾಗತಿಕ ದತ್ತಸಂಚಯದಲ್ಲಿ ಭಾರತಕ್ಕಿರುವ ಹೆಸರು ‘ಏಷ್ಯಾ/ಕೋಲ್ಕತಾ’. ‘ಪೈಟಿಜ್’ ಎಂಬ ಹಳೆಯ ಪೈಥಾನ್ ಲೈಬ್ರರಿಯ ಮೂಲಕ ಇದನ್ನು, ಸಮಯಮೌಲ್ಯದ ವಲಯವನ್ನು ಹೇಳುವ ‘ಟಿಜಿನ್ಫೋ’ ಸ್ಥಾನಕ್ಕೆ ನೇರವಾಗಿ ಕೊಟ್ಟರೆ, ಇತಿಹಾಸದ ಮೊದಲ ನಮೂದಾದ ಕಲ್ಕತ್ತೆಯ ಸ್ಥಳೀಯ ಸೌರಸಮಯ ಎದ್ದುಬಂದು, ಯುಟಿಸಿಗಿಂತ 5 ಗಂಟೆ 30 ನಿಮಿಷದ ಬದಲು 5 ಗಂಟೆ 53 ನಿಮಿಷ ಮುಂದಿರುವ ಗಡಿಯಾರ ಘಣಸೋಲಿಯ ಪಾಲಿಗೆ ಬರುತ್ತದೆ. ಹಾಗೆ ಮಾಡಬಾರದೆಂದು ಪೈಟಿಜ್ ಕೈಪಿಡಿ ಹೇಳುತ್ತದೆ, ನಿಜ. ಆದರೆ ಸಹಜವಾಗಿ ಕೈಹೋಗುವ ದಾರಿಯೇ ತಪ್ಪು ದಾರಿಯಾಗಿದೆ. ಇನ್ನು 1906ರ ಜನವರಿ 1ರಂದು ಭಾರತೀಯ ಪ್ರಮಾಣ ಸಮಯ ಬಂದ ಮೇಲೂ ದಶಕಗಳ ಕಾಲ ಮುಂಬಯಿಯಲ್ಲಿ ಬಳಕೆಯಲ್ಲಿದ್ದ, ಅದಕ್ಕಿಂತ 39 ನಿಮಿಷ ಹಿಂದಿನ ‘ಬಾಂಬೆ ಟೈಮ್’‌ಗೆ ಈ ಸಂಚಯದಲ್ಲಿ ಪ್ರತ್ಯೇಕ ವಲಯವೇ ಇಲ್ಲ. ಆದರೆ 1970ಕ್ಕೆ ಹಿಂದಿನ ವಿವರ ಅಪೂರ್ಣವೆಂದು ಸಂಚಯದ ನಿರ್ವಾಹಕರು ತಮ್ಮ ಬರಹದಲ್ಲೇ ಒಪ್ಪಿಕೊಂಡಿದ್ದಾರೆ. ಪೈಥಾನ್ ಕೈಪಿಡಿಯ ಎಚ್ಚರಿಕೆಯ ಚೌಕಟ್ಟುಗಳಿಗಿಂತ ಈ ಒಪ್ಪಿಗೆ ಓದುಗನಿಗೆ ಹೆಚ್ಚು ಉಪಯುಕ್ತ.