ಮೊಳ ಹೂವು ಮತ್ತು ಹದಿನಾರನೇ ಪರಿಚ್ಛೇದ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ, ಎಂಟನೇ ಕ್ರಾಸ್ ಹತ್ತಿರ ಹೂವು ಮಾರುವ ಅಮ್ಮ ಮೊಳ ಹಾಕುವುದನ್ನು ಒಮ್ಮೆ ನಿಂತು ನೋಡಿ. ಮಲ್ಲಿಗೆ ಮಾಲೆಯ ತುದಿಯನ್ನು ಮೊಣಕೈಗೆ ಆನಿಸಿ, ನಡುಬೆರಳ ತುದಿಯವರೆಗೆ ಎಳೆದು, ಅಲ್ಲಿಂದ ಇನ್ನೂ ನಾಲ್ಕು ಬೆರಳು ಜಾರಿಸಿ ದಾರ ಕತ್ತರಿಸುತ್ತಾರೆ. ಆ ನಾಲ್ಕು ಬೆರಳೇ ಕೊಸರು. ಕೊಟ್ಟರೂ ನಮಗೆ ಸಾಲದು. ಹೋದ ಅಕ್ಟೋಬರಿನಲ್ಲಿ, ಜಪಸರದ ತಿಂಗಳು, ಬೆಳಗಿನ ಪೂಜೆ ಮುಗಿಸಿ ಬರುತ್ತಿದ್ದ ನಾನು ಮನೆಯಲ್ಲಿರುವ ಮಾತೆ ಮರಿಯಮ್ಮನವರ ಸ್ವರೂಪಕ್ಕೆಂದು ಎರಡು ಮೊಳ ಕೊಂಡೆ. ‘ಇಷ್ಟೇನಾ ಅಮ್ಮ, ಇನ್ನೊಂಚೂರು ಬಿಡಿ’ ಅಂದೆ. ‘ಬೋಣಿ ಸ್ವಾಮಿ, ತಗೊಳ್ಳಿ’ ಅಂತ ಇನ್ನರ್ಧ ಮೊಳ ಸೇರಿಸಿಕೊಟ್ಟರು. ಬೋಣಿಯ ಹೊತ್ತಿನಲ್ಲಿ ಅವರು ಇಲ್ಲ ಅನ್ನುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ದಿನ ನನ್ನ ಚೀಲದಲ್ಲಿದ್ದದ್ದು ಪೋಪ್ ಫ್ರಾನ್ಸಿಸ್ ಅವರ ‘ಗೌದೇತೆ ಎತ್ ಎಕ್ಸುಲ್ತಾತೆ’. 2018ರ ಮಾರ್ಚ್ 19ರ ತಾರೀಖು ಹಾಕಿ ಹೊರಟ ಈ ಪ್ರಬೋಧನೆಯಲ್ಲಿ ಐದು ಅಧ್ಯಾಯ, 177 ಪರಿಚ್ಛೇದ. ವಿಷಯ ಒಂದೇ: ಪಾವಿತ್ರ್ಯದ ಕರೆ ಇಂದಿನ ದಿನಗಳಲ್ಲಿ ಏನನ್ನು ಕೇಳುತ್ತದೆ? ಈ ಪುಸ್ತಕವನ್ನು ನಾನು ಮೆಚ್ಚಿಕೊಂಡೇ ಓದಿದೆ. ಆದರೆ ಆ ಅರ್ಧ ಮೊಳ ಹೂವು ಕೇಳುವ ಪ್ರಶ್ನೆಗೆ ಅದರಲ್ಲಿ ಸಾಕಷ್ಟು ಉತ್ತರವಿಲ್ಲ ಎಂಬುದು ನನ್ನ ತಕರಾರು.

ಮೆಚ್ಚಿದ್ದನ್ನು ಮೊದಲು ಹೇಳಬೇಕು. ಪಾವಿತ್ರ್ಯ ಅಂದರೆ ಗುರುಗಳಿಗೆ, ಕನ್ಯಾಸ್ತ್ರೀಯರಿಗೆ ಬಿಟ್ಟ ವಿಷಯ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಮಲ್ಲೇಶ್ವರದವರಿಗಂತೂ ಅದಕ್ಕೆ ಕಣ್ಣೆದುರೇ ಗುರುತಿದೆ: 1778ರಲ್ಲಿ ಪಾಂಡಿಚೇರಿಯಲ್ಲಿ ಶುರುವಾಗಿ 1934ರಲ್ಲಿ ಬೆಂಗಳೂರಿಗೆ ಬಂದ ಸೇಂಟ್ ಪೀಟರ್ಸ್ ಗುರುಮಠ. ಆ ಕಾಂಪೌಂಡಿನ ಒಳಗೆ ಪಾವಿತ್ರ್ಯ, ಹೊರಗೆ ಸಂಸಾರ ಎಂದು ಮನಸ್ಸು ಗೆರೆ ಎಳೆದುಬಿಡುತ್ತದೆ. ಪಾವಿತ್ರ್ಯದ ಕರೆ ಎಲ್ಲರಿಗೂ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಸಾರಿದ್ದರೂ ಆ ಗೆರೆ ಅಳಿಸಿರಲಿಲ್ಲ. ಫ್ರಾನ್ಸಿಸ್ ಅದನ್ನು ದಾಟಿದ್ದು ವಾದದಿಂದಲ್ಲ, ಜನರನ್ನು ತೋರಿಸಿ. ಮಕ್ಕಳನ್ನು ಅಕ್ಕರೆಯಿಂದ ಬೆಳೆಸುವ ತಂದೆತಾಯಿ, ಸಂಸಾರಕ್ಕಾಗಿ ದುಡಿಯುವವರು, ಹಾಸಿಗೆ ಹಿಡಿದವರು, ನಗು ಬಿಡದ ವಯಸ್ಸಾದ ಸಿಸ್ಟರ್‌ಗಳು. ಇವರನ್ನು ಅವರು ಪಕ್ಕದ ಮನೆಯ ಸಂತರು ಎನ್ನುತ್ತಾರೆ. ಮುಂದೆ 144ನೇ ಪರಿಚ್ಛೇದದಲ್ಲಿ ಯೇಸುವಿನ ಕಣ್ಣಿಗೆ ಬಿದ್ದ ಸಣ್ಣಪುಟ್ಟ ಸಂಗತಿಗಳನ್ನು ಒಟ್ಟುಮಾಡಿದ್ದಾರೆ: ಮದುವೆ ಮನೆಯಲ್ಲಿ ಮುಗಿಯುತ್ತಾ ಬಂದ ದ್ರಾಕ್ಷಾರಸ, ಕಾಣೆಯಾದ ಒಂದೇ ಕುರಿ, ವಿಧವೆಯ ಎರಡು ಕಾಸು. ಈ ಪುಸ್ತಕದ ಅತ್ಯಂತ ಸುಂದರ ಭಾಗ ಇದು.

ಶರಣರನ್ನು ಬಲ್ಲ ಕನ್ನಡಿಗರಿಗೆ ಇದು ಹೊಸದಾಗಿ ಕೇಳಿಸಲಿಕ್ಕಿಲ್ಲ. ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಎನ್ನುವಾಗ ನಾವು ಕಸುಬನ್ನು ಬಿಟ್ಟು ಹೆಸರು ಹೇಳುವುದೇ ಇಲ್ಲ.

ಈಗ ಹದಿನಾರನೇ ಪರಿಚ್ಛೇದ. ಒಬ್ಬ ಹೆಂಗಸು ಅಂಗಡಿ ಬೀದಿಗೆ ಹೋಗುತ್ತಾಳೆ. ನೆರೆಯಾಕೆ ಸಿಗುತ್ತಾಳೆ, ಮಾತು ಚಾಡಿಯ ಕಡೆ ತಿರುಗುತ್ತದೆ. ಯಾರನ್ನೂ ಕೆಟ್ಟದಾಗಿ ಆಡಬಾರದೆಂದು ಈಕೆ ಒಳಗೇ ನಿಶ್ಚಯಿಸುತ್ತಾಳೆ. ಮನೆಗೆ ಬಂದು ದಣಿದಿದ್ದರೂ ಮಗುವಿನ ಮಾತಿಗೆ ಕಿವಿಗೊಡುತ್ತಾಳೆ. ಕಳವಳವಾದಾಗ ಜಪಸರ ಹಿಡಿಯುತ್ತಾಳೆ. ಮತ್ತೆ ಬೀದಿಗಿಳಿದಾಗ ಎದುರಾದ ಬಡವನ ಬಳಿ ನಿಂತು ಒಂದು ಒಳ್ಳೆಯ ಮಾತಾಡುತ್ತಾಳೆ. ಒಂದೊಂದೂ ಪಾವಿತ್ರ್ಯದ ಕಡೆಗೆ ಒಂದೊಂದು ಹೆಜ್ಜೆ. ಓದುವಾಗ ಕಣ್ಣಿಗೆ ಕಟ್ಟುವುದು ಇದೇ ಸಂಪಿಗೆ ರಸ್ತೆ.

ಆದರೆ ಆಕೆ ಹೋದದ್ದು ಸಾಮಾನು ಕೊಳ್ಳಲು. ಏನು ಕೊಂಡಳು? ಯಾರಿಂದ? ಎಷ್ಟು ಚೌಕಾಶಿ ಮಾಡಿದಳು? ಪುಸ್ತಕ ಇದನ್ನು ಕೇಳುವುದಿಲ್ಲ. ಬಡವ ಇಲ್ಲಿ ಕೊನೆಗೆ ಬರುತ್ತಾನೆ, ಒಳ್ಳೆಯ ಮಾತು ಪಡೆಯಲು. ಅಂಗಡಿ ಬೀದಿಯ ನಿಜ ಹಾಗಿಲ್ಲ. ಬಡವರು ಅಲ್ಲಿ ಮೊದಲಿಂದಲೂ ಇದ್ದಾರೆ: ಬುಟ್ಟಿಯ ಹಿಂದೆ, ತಕ್ಕಡಿಯ ಹಿಂದೆ. ನಮಗೂ ಅವರಿಗೂ ಇರುವ ಸಂಬಂಧ ಮಾತಿಗಿಂತ ಮೊದಲು ದುಡ್ಡಿನದು. ಮೂರನೇ ಅಧ್ಯಾಯ ನ್ಯಾಯದ ಹಸಿವಿನ ಬಗ್ಗೆ ಗಟ್ಟಿಯಾಗಿ ಮಾತಾಡುತ್ತದೆ, ನಿಜ. ಚಳಿಯ ರಾತ್ರಿ ಬೀದಿಯಲ್ಲಿ ಮಲಗಿದವನನ್ನು ನಾವು ಹೇಗೆ ಕಾಣುತ್ತೇವೆ ಎಂದು 98ನೇ ಪರಿಚ್ಛೇದ ಕೇಳುವ ಪ್ರಶ್ನೆ ನನ್ನನ್ನು ಹಲವು ದಿನ ಕಾಡಿದೆ. ಆದರೆ ಆ ನ್ಯಾಯ ಈ ಹೆಂಗಸಿನ ಕೈಚೀಲದವರೆಗೆ ಇಳಿದು ಬರುವುದಿಲ್ಲ. ದಿನದ ಬದುಕಿನ ಪಾವಿತ್ರ್ಯವನ್ನು ಹೇಳಲು ಹೆಂಗಸನ್ನೇ ಆರಿಸಿ, ಮೊದಲ ಪರೀಕ್ಷೆಯಾಗಿ ಚಾಡಿ ಮಾತನ್ನೇ ಇಟ್ಟದ್ದೂ ಸರಿಯೆನಿಸಲಿಲ್ಲ. ಗಂಡಸರು ಅಂಗಡಿಗೆ ಹೋಗುವುದಿಲ್ಲವೇ, ಅವರ ನಾಲಿಗೆಗೆ ಕಡಿವಾಣ ಬೇಡವೇ?

ದಿನದ ಬದುಕಿನ ಪಾವಿತ್ರ್ಯವನ್ನು ಬೈಬಲ್ ಸ್ವತಃ ಬೇರೆ ರೀತಿ ಹೇಳುತ್ತದೆ. ಯಾಜಕಕಾಂಡದ 19ನೇ ಅಧ್ಯಾಯದ ಶುರುವಿನಲ್ಲೇ ಇಡೀ ಜನಕ್ಕೆ ಪರಿಶುದ್ಧರಾಗುವ ಆಜ್ಞೆ ಬರುತ್ತದೆ. ಕೆಲವೇ ವಾಕ್ಯ ಮುಂದೆ ಹೋದರೆ ಸಿಗುವುದು ಹೊಲ: ಕುಯ್ಲಿನಲ್ಲಿ ಅಂಚಿನವರೆಗೂ ಕುಯ್ಯಬಾರದು, ಬಿದ್ದ ತೆನೆ ಆಯಬಾರದು, ಅವು ಬಡವರಿಗೆ, ಪರದೇಶಿಗಳಿಗೆ. ಆಮೇಲೆ ಕೂಲಿ: ಆಳಿನ ಕೂಲಿಯನ್ನು ಬೆಳಗಿನವರೆಗೆ ತಡೆದಿಟ್ಟುಕೊಳ್ಳಬಾರದು. ಅಧ್ಯಾಯದ ಕೊನೆಯಲ್ಲಿ ಉದ್ದ, ತೂಕ, ಅಳತೆಗಳಲ್ಲಿ ಮೋಸ ಕೂಡದು. ಪರಿಶುದ್ಧರಾಗಿ ಎಂಬ ಆ ಮೊದಲ ಆಜ್ಞೆಯ ಮೂಲ ಹೀಬ್ರೂ ಪದಕ್ಕೆ ಪ್ರತ್ಯೇಕಿಸಿ ಇಟ್ಟದ್ದು ಎಂಬ ಅರ್ಥವಿದೆ. ಕನ್ನಡಕ್ಕೆ ಬರುವಾಗ ಅದು ‘ಪರಿಶುದ್ಧ’ವಾಯಿತು. ಶುದ್ಧಿ ಎಂದರೆ ನಮ್ಮ ಕಿವಿಗೆ ಸ್ನಾನ, ಮಡಿ, ಮುಟ್ಟು ಮೈಲಿಗೆಗಳೇ ಮೊದಲು ಕೇಳಿಸುತ್ತವೆ. ಪಾಪನಿವೇದನೆಯಲ್ಲಿ ನಾವು ಮೈಯ ಆಸೆಗಳನ್ನು, ತಪ್ಪಿದ ಪೂಜೆಗಳನ್ನು ಒಪ್ಪಿಕೊಳ್ಳುತ್ತೇವೆ. ಮನೆಕೆಲಸದವರ ಸಂಬಳ ತಡಮಾಡಿದ್ದನ್ನು ಹೇಳಲು ನಾಲಿಗೆಗೆ ನೆನಪೇ ಬರುವುದಿಲ್ಲ.

ಕೊಸರು ಕೇಳುವುದನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ನೋಡಿದೆ. ಉಳ್ಳವನು ತನ್ನ ಹೊಲದ ಅಂಚನ್ನು ಇಲ್ಲದವರಿಗೆ ಬಿಡಬೇಕು ಎನ್ನುತ್ತದೆ ಆಜ್ಞೆ. ನಾನು ಮಾಡಿದ್ದು ಅದರ ತಿರುವುಮುರುವು. ಆ ಅಮ್ಮನ ಹೊಲ ಒಂದು ಬುಟ್ಟಿ ಹೂವು. ಅದರ ಅಂಚನ್ನೂ ಕುಯ್ದುಕೊಂಡು ಬಂದು ಮಾತೆಯ ಕೊರಳಿಗೆ ಹಾಕಿದೆ.

ಮೆಥಡಿಸ್ಟ್ ಬೋಧಕ ಜಾನ್ ವೆಸ್ಲಿ 1743ರಲ್ಲಿ ತನ್ನ ಸಂಘಗಳಿಗೆ ಬರೆದ ನಿಯಮಗಳಲ್ಲಿ, ಕೊಳ್ಳುವಾಗ ಮಾರುವಾಗ ಬಹಳ ಮಾತು ಬೆಳೆಸುವುದನ್ನೂ ಬಿಡಬೇಕಾದ ಕೆಡುಕುಗಳ ಸಾಲಿಗೆ ಸೇರಿಸಿದ್ದ. ಆ ಪರಂಪರೆಯ ಮಿಷನರಿಗಳು ಮೈಸೂರು ಸಂಸ್ಥಾನದಲ್ಲಿ ಕನ್ನಡದಲ್ಲೇ ಕೆಲಸ ಮಾಡಿದವರು. ಕಾರ್ಪೊರೇಷನ್ ಹತ್ತಿರದ ಹಡ್ಸನ್ ದೇವಾಲಯ ಅವರಲ್ಲೊಬ್ಬರ ಹೆಸರಿನದು. ನನ್ನ ಸಭೆ ಬೇರೆ. ಆದರೂ ಈ ಒಂದು ವಿಷಯದಲ್ಲಿ ವೆಸ್ಲಿಯ ಒಣ ನಿಯಮ ಫ್ರಾನ್ಸಿಸ್ ಅವರ ಚೆಲುವಾದ ಚಿತ್ರಕ್ಕಿಂತ ಹೆಚ್ಚು ಒಳಗೆ ಇಳಿಯುತ್ತದೆ. ಅದಕ್ಕೂ ಎಷ್ಟೋ ಮೊದಲೇ ನಮ್ಮ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಾದದ್ದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದ್ದಳು.

ಧರ್ಮಕೇಂದ್ರಗಳಲ್ಲಿ ತಪಸ್ಸು ಕಾಲದ ಧ್ಯಾನಕೂಟ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಫ್ರಾನ್ಸಿಸ್ ಅವರ ಪುಸ್ತಕ ಖಂಡಿತ ಓದಿಸಿ, ಅದು ಓದಲೇಬೇಕಾದ ಪುಸ್ತಕ. ಹದಿನಾರನೇ ಪರಿಚ್ಛೇದ ಬಂದಾಗ ಮಾತ್ರ ಸ್ವಲ್ಪ ನಿಲ್ಲಿಸಿ, ಯಾಜಕಕಾಂಡದ 19ನೇ ಅಧ್ಯಾಯವನ್ನು ಪೂರ್ತಿ ಓದಿಸಿ. ಇರುವುದು 37 ವಾಕ್ಯ, ಹತ್ತು ನಿಮಿಷವೂ ಬೇಕಾಗುವುದಿಲ್ಲ.